ಕೊಂಡ ಅನ್ನವೂ ಮನೆಯ ಅನ್ನವೂ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವ ಒಂದು ಭೋಜನಶಾಲೆಯುಂಟು. ಅದರ ಮುಂದೆ ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಬರೆದ ಫಲಕವೊಂದನ್ನು ನಿಲ್ಲಿಸಿರುವರು. ಕನ್ನಡದ ಬರವಣಿಗೆಯಲ್ಲಿ ಎರಡು ಕಾಗುಣಿತದ ತಪ್ಪುಗಳಿವೆ. ಮೂವತ್ತನಾಲ್ಕು ವರ್ಷ ಉಪಾಧ್ಯಾಯವೃತ್ತಿಯನ್ನು ನಡೆಸಿದವನ ಕಣ್ಣಿಗೆ ಮೊದಲು ಬೀಳುವುದು ಅದೇ. ತಪ್ಪುಗಳನ್ನು ತಿದ್ದಿಕೊಂಡು ಓದಿದರೆ, ಪಂಜಾಬಿನ ಮನೆಯ ರೀತಿಯ ಊಟ ಇಲ್ಲಿ ದೊರೆಯುವುದೆಂದು ಅರ್ಥವಾಗುವುದು. ಈ ಲೇಖನಕ್ಕೆ ಆ ಫಲಕವೇ ಕಾರಣ. ಮನೆಯ ಊಟವೆಂಬುದು ಮಾರತಕ್ಕ ವಸ್ತುವೆ? ಮಾರಿದ ಮೇಲೆ ಅದು ಮನೆಯದಾಗಿ ಉಳಿಯುವುದೆ? ಪ್ರಶ್ನೆಯು ಮೇಲ್ನೋಟಕ್ಕೆ ಹಾಸ್ಯಾಸ್ಪದವಾಗಿ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಅದರ ಹಿಂದೆ ನನ್ನ ಸ್ವಂತ ನಡತೆಯ ಲೆಕ್ಕವೊಂದು ಬಾಕಿಯಿದ್ದುದು ಅಲ್ಲಿ ಊಟಮಾಡಿ ಎದ್ದ ಮೇಲೆ ತಿಳಿಯಿತು.

ಕಳೆದ ಆಷಾಢದಲ್ಲಿ ಅಸ್ವಸ್ಥರಾಗಿದ್ದ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಲು ಮುಳಬಾಗಿಲಿಗೆ ಹೋಗಿದ್ದೆನು. ಹಿಂದಿರುಗುವಾಗ ಸಂಜೆಯಾಗಿದ್ದಿತು, ಮಳೆಯೂ ಹಿಡಿದಿದ್ದಿತು. ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಕಂಡು ಹಳೆಯ ಶಿಷ್ಯನೊಬ್ಬನು ಕಾರನ್ನು ನಿಲ್ಲಿಸಿ ಹತ್ತಿಸಿಕೊಂಡನು. ಮಾಲೂರಿನ ಶಾಲೆಯಲ್ಲಿ ನನ್ನ ಹತ್ತಿರ ಸಂಸ್ಕೃತವನ್ನು ಓದಿದವನು. ರಾಮಶಬ್ದವನ್ನು ಒಮ್ಮೆಯಾದರೂ ತಪ್ಪಿಲ್ಲದೆ ಹೇಳಿದವನಲ್ಲ. ಈಗ ಟೊಮ್ಯಾಟೊ ವ್ಯಾಪಾರದಲ್ಲಿ ಚೆನ್ನಾಗಿದ್ದಾನೆ. ದಾರಿಯಲ್ಲಿ ಆತನು, ತನ್ನ ಲಾರಿಯೊಂದು ದೆಹಲಿಗೆ ಹೊರಟಿದೆ, ಚಾಲಕನೊಡನೆ ಎರಡು ಮಾತನಾಡಬೇಕು ಎಂದು ಆ ಭೋಜನಶಾಲೆಯ ಬಳಿ ನಿಲ್ಲಿಸಿದನು. ಮಳೆಯಲ್ಲಿ ಕಾರಿನೊಳಗೆ ಒಬ್ಬನೇ ಕುಳಿತಿರುವುದು ಸರಿಯಲ್ಲವೆಂದು ನಾನೂ ಇಳಿದೆನು. ಆತನು ನನ್ನನ್ನು ಕೇಳದೆಯೇ ಇಬ್ಬರಿಗೂ ಊಟವನ್ನು ಹೇಳಿಬಿಟ್ಟನು.

ವಾಚಕರಲ್ಲಿ ಅನೇಕರು ಪಂಜಾಬಿ ಊಟವೆಂದರೆ ಪಟ್ಟಣದ ಹೋಟೆಲುಗಳಲ್ಲಿ ದೊರೆಯುವ ಬೆಣ್ಣೆಯ ಕೆಂಪು ಸಾರು, ಪನೀರು, ತಂದೂರಿ ರೊಟ್ಟಿ ಎಂದು ತಿಳಿದಿರುವರು. ನಾನೂ ಹಾಗೆಯೇ ತಿಳಿದಿದ್ದೆನು. ಅಂದು ತಟ್ಟೆಯಲ್ಲಿ ಬಂದುದು ಬೇರೆ: ಹೆಂಚಿನ ಮೇಲೆ ಬೇಯಿಸಿ ಕೆಂಡದಲ್ಲಿ ಉಬ್ಬಿಸಿದ ತೆಳ್ಳನೆಯ ಗೋಧಿಯ ಫುಲ್ಕಗಳು, ಸೋರೆಕಾಯಿಯ ಪಲ್ಯ, ಅನ್ನ, ಒಂದು ಬಟ್ಟಲು ಕಢಿ. ಈ ಕಢಿಯ ವಿಷಯದಲ್ಲಿ ನಾಲ್ಕು ಮಾತು ಹೆಚ್ಚಾಗಿ ಹೇಳಬೇಕು. ಅದು ನಮ್ಮ ಮಜ್ಜಿಗೆಹುಳಿಯ ದಾಯಾದಿ. ನಾವು ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿ, ಹಸಿಮೆಣಸಿನಕಾಯಿ, ಜೀರಿಗೆಗಳೊಡನೆ ರುಬ್ಬಿ, ಬೂದುಗುಂಬಳಕ್ಕೆ ಸೇರಿಸಿ, ಮಜ್ಜಿಗೆ ಹಾಕಿದ ಮೇಲೆ ಒಂದು ಕುದಿ ಬರುತ್ತಲೇ ಇಳಿಸಿಬಿಡುವೆವು. ಹೆಚ್ಚು ಕುದಿದರೆ ಒಡೆದುಹೋಯಿತೆಂದು ಅಡುಗೆಯವರನ್ನು ಗದರಿಸುವೆವು. ಅವರು ಕಡಲೆಯ ಹಿಟ್ಟನ್ನು ಹುಳಿಮೊಸರಿನಲ್ಲಿ ಕಲಸಿ, ಅರಿಸಿನವನ್ನೂ ಮೆಂತ್ಯವನ್ನೂ ಹಾಕಿ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಕುದಿಸುತ್ತಾರೆ. ಹಿಟ್ಟು ಇರುವುದರಿಂದ ಅದು ಒಡೆಯುವುದಿಲ್ಲ; ಕುದಿದಷ್ಟೂ ರುಚಿ. ಕಡೆಯಲ್ಲಿ ಪಕೋಡಗಳನ್ನು ಬಿಡುವರು. ತೆಂಗಿಲ್ಲದ ದೇಶದಲ್ಲಿ ಮಜ್ಜಿಗೆಹುಳಿಯು ಹುಟ್ಟಿದ್ದರೆ ಹೀಗೆಯೇ ಇರುತ್ತಿದ್ದಿತೆಂದು ನನಗೆ ತೋರಿತು. ಮೊದಲ ತುತ್ತಿಗೆ ಅಪರಿಚಿತವಾಗಿಯೂ ಮೂರನೆಯ ತುತ್ತಿಗೆ ಬಹುಕಾಲದಿಂದ ಬಲ್ಲದ್ದರಂತೆಯೂ ಇದ್ದಿತು. ಪಕೋಡದಲ್ಲಿ ಈರುಳ್ಳಿಯಿದ್ದುದು ನಾಲ್ಕನೆಯ ತುತ್ತಿಗೆ ತಿಳಿಯಿತು. ಆಗಲೂ ನಾನು ಏಳಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವಂತಿಲ್ಲ.

ಅಡುಗೆಯವರು ಯಾರೆಂದು ವಿಚಾರಿಸಿದೆನು. ಯಜಮಾನನು ಹೋಶಿಯಾರ್‌ಪುರದ ಕಡೆಯವನು. ಲಾರಿಯ ಚಾಲಕನಾಗಿ ಈ ದಾರಿಯಲ್ಲಿ ಹಲವು ವರ್ಷ ಓಡಾಡಿ, ಕಡೆಗೆ ಇಲ್ಲಿಯೇ ನಿಂತವನು. ಕಢಿಯನ್ನು ಮಾಡಿದವಳು ಮಾತ್ರ ಶ್ರೀನಿವಾಸಪುರದ ತಾಲ್ಲೂಕಿನ ಹೆಂಗಸು. ನನ್ನ ಹುಟ್ಟೂರಿನಿಂದ ಮೂರು ಹರಿದಾರಿಯೊಳಗಿನವಳು. ಯಜಮಾನನ ತಾಯಿ ಒಂದು ವರ್ಷ ಬಂದಿದ್ದು ಆಕೆಗೆ ಕಲಿಸಿಹೋದಳಂತೆ. 'ನೀನು ಪಂಜಾಬನ್ನು ನೋಡಿರುವೆಯಾ ಅಮ್ಮ?' ಎಂದು ಕೇಳಿದುದಕ್ಕೆ, 'ತಿರುಪತಿಯಿಂದ ಆಚೆಗೆ ಹೋದವಳಲ್ಲ ಸ್ವಾಮಿ' ಎಂದಳು. 'ಹಾಗಾದರೆ ಸರಿಯಾಯಿತೆಂದು ನಿನಗೆ ಹೇಗೆ ತಿಳಿಯುವುದು?' 'ಆ ಕಡೆಯ ಡ್ರೈವರುಗಳು ಮಾತು ನಿಲ್ಲಿಸಿ ಉಂಡರೆ ಸರಿಯಾಯಿತು ಅಂತ.' ಪಕ್ಕದ ಮೇಜಿನಲ್ಲಿ ಹಾಗೆಯೇ ಮಾತಿಲ್ಲದೆ ಉಣ್ಣುತ್ತಿದ್ದ ಚಾಲಕನನ್ನು, ಇದು ನಿಮ್ಮ ಮನೆಯ ಕಢಿಯಂತೆ ಇದೆಯೆ ಎಂದು ಶಿಷ್ಯನ ಮೂಲಕ ಕೇಳಿಸಿದೆನು. ಅವನು ಸ್ವಲ್ಪ ಯೋಚಿಸಿ, ನಮ್ಮ ತಾಯಿಯ ಕೈಯದಲ್ಲ, ಆದರೆ ಯಾರದೋ ತಾಯಿಯ ಕೈಯದು ಎಂದನು.

ಊಟಕ್ಕೆ ೧೪೦ ರೂಪಾಯಿ. ಶಿಷ್ಯನು ಕೊಡಹೋದುದನ್ನು ತಡೆದು ನನ್ನದನ್ನು ನಾನೇ ಕೊಟ್ಟೆನು. ಕೊಟ್ಟ ಮೇಲೆ ಮನಸ್ಸಿಗೆ ಒಂದು ವಿಧವಾದ ಹಗುರವಾಯಿತು. ಆ ಹಗುರವೇ ಮುಂದಿನ ವಿಚಾರಕ್ಕೆ ದಾರಿಯಾದುದು. ಅದನ್ನು ಆಮೇಲೆ ಹೇಳುವೆನು.

ನಮ್ಮ ಹಿರಿಯರು ಅನ್ನದ ಮಾರಾಟವನ್ನು ಒಳ್ಳೆಯ ಕಣ್ಣಿನಿಂದ ನೋಡಿದವರಲ್ಲ. ಆಪತ್ಕಾಲದಲ್ಲಿ ಬ್ರಾಹ್ಮಣನು ವ್ಯಾಪಾರದಿಂದ ಜೀವಿಸಬೇಕಾದರೂ ಮಾರಬಾರದ ವಸ್ತುಗಳೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಎಣಿಸುವಾಗ, ಬೇಯಿಸಿದ ಅನ್ನವನ್ನು ಅದರಲ್ಲಿ ಸೇರಿಸಿದೆ. ಅರಣ್ಯಪರ್ವದಲ್ಲಿ ಮಾರ್ಕಂಡೇಯರು ಕಲಿಯುಗವನ್ನು ವರ್ಣಿಸುತ್ತ, ನಾಡುನಾಡುಗಳಲ್ಲಿ ಅನ್ನವು ಮಾರಾಟಕ್ಕೆ ಬರುವುದೆಂಬುದನ್ನು ಒಂದು ದುಶ್ಚಿಹ್ನವಾಗಿ ಹೇಳುವರು. ಅಕ್ಕಿಯನ್ನು ಮಾರಬಹುದು, ಅನ್ನವನ್ನು ಮಾರಬಾರದು. ಇದೇನು ವಿಚಿತ್ರ ಎಂದು ಹುಡುಗನಾಗಿದ್ದಾಗ ಪಾಠಶಾಲೆಯಲ್ಲಿ ಗುರುಗಳನ್ನು ಕೇಳಿ ಬೈಗಳನ್ನು ತಿಂದಿದ್ದೆನು. ಈಗ ಯೋಚಿಸಿದರೆ ಅದರಲ್ಲಿ ಒಂದು ವಿವೇಕವುಂಟೆಂದು ತೋರುವುದು. ಅಕ್ಕಿಯು ಯಾರ ಹೊಟ್ಟೆಗೆ ಹೋಗುವುದೆಂದು ಇನ್ನೂ ನಿಶ್ಚಯವಾಗಿಲ್ಲ. ಅದು ಅನ್ನವಾಗಬೇಕಾದರೆ ಇಂಥವನ ಹಸಿವನ್ನು ಒಬ್ಬರು ಮನಸ್ಸಿನಲ್ಲಿಟ್ಟುಕೊಂಡು ಒಲೆಯ ಮುಂದೆ ಕುಳಿತಿರಬೇಕು. ಆ ಕುಳಿತುಕೊಂಡುದಕ್ಕೆ ಬೆಲೆಯನ್ನು ಕಟ್ಟುವುದು ಹೇಗೆ ಎಂಬ ಸಂಕೋಚವೇ ಆ ನಿಷೇಧದ ಮೂಲವಾಗಿರಬಹುದು.

ಆದರೂ ಕಲಿಯುಗ ಬಂದಿತು, ಹೋಟೆಲೂ ಬಂದಿತು. ಬೆಂಗಳೂರಿನಲ್ಲಿ ಈಗ ಮಾವಳ್ಳಿ ಟಿಫಿನ್ ರೂಮ್ ಎಂದು ಪ್ರಸಿದ್ಧವಾಗಿರುವುದು ೧೯೨೪ರಲ್ಲಿ ಆರಂಭವಾದಾಗ ಅದಕ್ಕೆ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿದ್ದಿತು. ಕೊಂಡು ತಿನ್ನುವವನ ಅಂಜಿಕೆಯನ್ನು ಹೋಗಲಾಡಿಸಲು ಅಡುಗೆಯವನ ಜಾತಿಯನ್ನು ಬಾಗಿಲ ಮೇಲೆ ಬರೆಯಬೇಕಾಗಿದ್ದ ಕಾಲ ಅದು. ಈಗ ಅದೇ ಸ್ಥಳದಲ್ಲಿ 'ಮನೆಯ ಊಟ' ಎಂದು ಬರೆಯುತ್ತಾರೆ. ಅಂಜಿಕೆ ಬೇರೆಯಾಗಿದೆ, ಫಲಕದ ಕೆಲಸ ಒಂದೇ.

ಪಂಜಾಬಿನ ವಿಷಯದಲ್ಲಿ ಈ ಫಲಕಕ್ಕೆ ಇನ್ನೊಂದು ಕಾರಣವುಂಟು, ಅದು ದುಃಖಕರವಾದುದು. ೧೯೪೭ರಲ್ಲಿ ಆ ನಾಡು ಎರಡಾಗಿ ಸೀಳಿಹೋದಾಗ ಲಕ್ಷಗಟ್ಟಲೆ ಜನರು ಮನೆಮಠಗಳನ್ನು ಬಿಟ್ಟು ದೆಹಲಿಗೆ ಬಂದರು. ಪೇಶಾವರದಿಂದ ಬಂದ ಕುಂದನ್ ಲಾಲ್ ಗುಜ್ರಾಲ್ ಎಂಬವರು ಜೊತೆಗಾರರೊಡನೆ ದರಿಯಾಗಂಜಿನಲ್ಲಿ ಮೋತಿ ಮಹಲ್ ಎಂಬ ಭೋಜನಶಾಲೆಯನ್ನು ತೆರೆದರು. ತಂದೂರಿನಲ್ಲಿ ಬೆಂದುದೂ ಬೆಣ್ಣೆ ಟೊಮ್ಯಾಟೊಗಳ ಸಾರಿನಲ್ಲಿ ಮುಳುಗಿದುದೂ ಅಂತಹ ಸ್ಥಳಗಳಿಂದ ಹೊರಟು ದೇಶವನ್ನೆಲ್ಲ ವ್ಯಾಪಿಸಿ ಪಂಜಾಬಿ ಊಟವೆನಿಸಿಕೊಂಡುವು. ಹಳ್ಳಿಗಳಲ್ಲಿ ತಂದೂರಿನ ಒಲೆಯು ಅನೇಕ ವೇಳೆ ಒಂದು ಮನೆಗೆ ಸೇರಿದುದಾಗಿರಲಿಲ್ಲ. ಕೇರಿಯ ಹೆಂಗಸರು ತಮ್ಮತಮ್ಮ ಹಿಟ್ಟನ್ನು ತಂದು ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟುಕೊಂಡು, ಊರಿನ ಸುದ್ದಿಯನ್ನೂ ಸುಟ್ಟುಕೊಂಡು ಹೋಗುತ್ತಿದ್ದರು. ಅದನ್ನು ಅವರು ಸಾಂಝಾ ಚೂಲ್ಹಾ, ಎಂದರೆ ಕೂಡೊಲೆ, ಎನ್ನುವರು. ಹೀಗೆ ಮನೆಯನ್ನು ಕಳೆದುಕೊಂಡವರು ಮಾರಿದ ಅನ್ನವೇ ಒಂದು ನಾಡಿನ ಅನ್ನವೆಂದು ಹೆಸರಾದ ಮೇಲೆ, ಆ ನಾಡಿನ ಮನೆಗಳಲ್ಲಿ ದಿನವೂ ಬೇಯುವ ಸೋರೆಕಾಯಿಗೆ 'ಮನೆಯ ರೀತಿಯದು' ಎಂಬ ಬೇರೊಂದು ಹೆಸರು ಬೇಕಾಯಿತು.

ಇನ್ನು 'ಸಂಪ್ರದಾಯದ ಊಟ' ಎಂಬ ಮಾತು. ಪಂಜಾಬಿನವರು ಚಳಿಗಾಲದಲ್ಲಿ ಸಾಸಿವೆಸೊಪ್ಪಿನೊಡನೆ ಉಣ್ಣುವ ಮೆಕ್ಕೆಜೋಳದ ರೊಟ್ಟಿಯನ್ನು ತಮ್ಮ ಸಂಪ್ರದಾಯದ ಕಳಶವೆಂದು ಭಾವಿಸುವರು. ಮೆಕ್ಕೆಜೋಳವೂ, ರಾಜ್ಮಾ ಎಂಬ ಕೆಂಪು ಕಾಳೂ, ಆಲೂಗೆಡ್ಡೆ ಮೆಣಸಿನಕಾಯಿಗಳೂ, ಟೊಮ್ಯಾಟೊವೂ ೧೪೯೨ರಲ್ಲಿ ಕೊಲಂಬಸನು ಅಮೆರಿಕದ ದಾರಿಯನ್ನು ತೆರೆದ ಬಳಿಕ ಅಲ್ಲಿಂದ ಹೊರಬಂದವುಗಳು. ನಾವು ನಗಬೇಕಾಗಿಲ್ಲ. ನಮ್ಮ ಕೋಲಾರದ ಸೀಮೆಯ ಪ್ರಾಣವಾದ ರಾಗಿಯೇ ಹಲವು ಸಾವಿರ ವರ್ಷಗಳ ಹಿಂದೆ ಆಫ್ರಿಕ ಖಂಡದ ಎತ್ತರದ ಸೀಮೆಗಳಿಂದ ಬಂದುದೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿರುವರು. ಮುದ್ದೆಯೂ ಒಂದಾನೊಂದು ಕಾಲದಲ್ಲಿ ಪರಸ್ಥಳದ ಅತಿಥಿ! ಇನ್ನು ಆ ಟೊಮ್ಯಾಟೊವಾದರೋ ಈಗ ನಮ್ಮ ಹೊಲಗಳಲ್ಲಿ ಬೆಳೆದು ಅವರ ದೇಶಕ್ಕೆ ಹೋಗುತ್ತಿದೆ. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯು ಈ ಹಣ್ಣಿನ ವಿಷಯದಲ್ಲಿ ಏಷ್ಯಾ ಖಂಡದ ದೊಡ್ಡ ಮಾರುಕಟ್ಟೆಗಳ ಸಾಲಿನಲ್ಲಿ ನಿಲ್ಲತಕ್ಕದ್ದು. ೧೫ ಕಿಲೋಗ್ರಾಮಿನ ಪೆಟ್ಟಿಗೆಗಳಲ್ಲಿ ತುಂಬಿ ಮಳೆಗಾಲದಲ್ಲಿ ಉತ್ತರದೇಶಕ್ಕೆ ಕಳುಹಿಸುವರು. ೨೦೨೩ರ ಜುಲೈಯಲ್ಲಿ ಒಂದು ಪೆಟ್ಟಿಗೆಯು ೨೦೦೦ ರೂಪಾಯಿಗಳನ್ನು ಮೀರಿ ಮಾರಿದುದನ್ನು ನಮ್ಮ ರೈತರು ಮರೆತಿಲ್ಲ. ಬೇರೆ ವರ್ಷಗಳಲ್ಲಿ ಕೊಳ್ಳುವವರಿಲ್ಲದೆ ರಸ್ತೆಯ ಬದಿಗೆ ಸುರಿದುದನ್ನೂ ಮರೆತಿಲ್ಲ. ಅಂದು ಶಿಷ್ಯನ ಲಾರಿಯಲ್ಲಿದ್ದುದು ಅದೇ ಸರಕು. ಪಂಜಾಬಿನ ಯಾವ ಮನೆಯ ಒಗ್ಗರಣೆಯಲ್ಲಿ ಶ್ರೀನಿವಾಸಪುರದ ಹಣ್ಣು ಬೇಯುತ್ತಿದೆಯೋ, ಆ ಮನೆಯ ಊಟ ಎಷ್ಟರಮಟ್ಟಿಗೆ ಪಂಜಾಬಿನದು?

ಆದುದರಿಂದ ಧಾನ್ಯವನ್ನು ನೋಡಿ ಮನೆಯನ್ನು ಗುರುತಿಸುವ ಹಾಗಿಲ್ಲ. ಕೈಯನ್ನು ನೋಡಿ ಗುರುತಿಸೋಣವೆಂದರೆ, ಆ ಹೆಂಗಸು ತಿರುಪತಿಯಿಂದ ಆಚೆಗೆ ಹೋದವಳಲ್ಲ.

ಇಲ್ಲಿಯವರೆಗೆ ಬರೆದುದನ್ನು ವಾದಕೌತುಕವೆಂದು ಬಿಟ್ಟುಬಿಡಬಹುದು. ಇನ್ನು ಮುಂದಿನದು ಹೇಳಲು ಕಷ್ಟವಾದುದು. ನನ್ನ ಮಗನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಉದ್ಯೋಗದಲ್ಲಿರುವನು. ೨೦೧೯ರಲ್ಲಿ ಅಲ್ಲಿಯೇ ಕೆಲಸದಲ್ಲಿದ್ದ ಜಲಂಧರಿನ ಹುಡುಗಿಯೊಬ್ಬಳನ್ನು ಮದುವೆಯಾದನು. ನಾನು ಅಡ್ಡಿಮಾಡಲಿಲ್ಲ, ಮದುವೆಯ ಮಂತ್ರಗಳ ಸ್ವರ ತಪ್ಪದಂತೆ ನೋಡಿಕೊಂಡವನೂ ನಾನೇ. ನನ್ನ ಗೃಹಿಣಿ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ದಂಪತಿಗಳು ಎಂಟು ತಿಂಗಳು ಕೋಲಾರದಲ್ಲಿ ನನ್ನ ಮನೆಯಲ್ಲಿಯೇ ಇದ್ದರು. ಸೊಸೆ ಬಂದ ಮೊದಲನೆಯ ವಾರದಲ್ಲಿ ಒಂದು ದಿನ ತನ್ನ ತಾಯಿಯ ಮನೆಯ ಅಡುಗೆಯನ್ನು ಮಾಡಿ ನನ್ನ ಮುಂದೆ ಎಲೆ ಹಾಕಿದಳು. ಅಂದು ಮಾಡಿದುದು ಕಢಿ. ಬಟ್ಟಲು ಬರುವ ಮೊದಲೇ, ಇಂದು ನನಗೆ ಉಪವಾಸ ಎಂದು ಎದ್ದುಬಿಟ್ಟೆನು. ಅಂದು ಏಕಾದಶಿಯಲ್ಲ, ಸಂಕಷ್ಟಿಯಲ್ಲ, ಯಾವುದೂ ಅಲ್ಲ. ಪಂಚಾಂಗವು ಗೋಡೆಯ ಮೇಲೆಯೇ ತೂಗುತ್ತಿದ್ದಿತು. ಅದನ್ನು ಓದಲು ಆಕೆಗೆ ಬರುತ್ತಿರಲಿಲ್ಲ. ನನ್ನ ಮಗನಿಗೆ ಬರುತ್ತಿದ್ದಿತು. ಮರುದಿನದಿಂದ ಹಿಂದಿನ ಪಡಸಾಲೆಯಲ್ಲಿ ಬೇರೊಂದು ಒಲೆಯನ್ನಿಟ್ಟು ನನ್ನ ಅಡುಗೆಯನ್ನು ನಾನೇ ಮಾಡಿಕೊಂಡೆನು. ಅವರು ಮಾಲೂರಿಗೆ ಮನೆಯನ್ನು ಬದಲಾಯಿಸಿದ ಮೇಲೆ, ನೋಡಲು ಹೋದಾಗಲೆಲ್ಲ ಅವಲಕ್ಕಿಯ ಗಂಟನ್ನು ಕಟ್ಟಿಕೊಂಡೇ ಹೋದೆನು. ಇದನ್ನು ಆಚಾರವೆಂದು ಕರೆದೆನು. ಬಂಧುಗಳೂ ಹಾಗೆಯೇ ಕರೆದು ಹೊಗಳಿದರು.

ಹೀಗಿರುವಲ್ಲಿ, ಸೊಸೆಯ ಕೈಯಿಂದ ಬಿಟ್ಟಿಯಾಗಿ ಬಂದುದನ್ನು ತಳ್ಳಿದವನು ಹೆದ್ದಾರಿಯಲ್ಲಿ ೧೪೦ ರೂಪಾಯಿ ಕೊಟ್ಟು ಅದನ್ನೇ ಉಂಡನು. ಇದಕ್ಕೆ ಸಮಾಧಾನವೇನು?

ಆಚಾರವೆನ್ನುವ ಹಾಗಿಲ್ಲ. ಆಚಾರದ ತಕ್ಕಡಿಯಲ್ಲಿ ತೂಗಿದರೆ ಮಾರಿದ ಅನ್ನ, ಕಾಣದ ಕೈ, ಈರುಳ್ಳಿ, ಇವೆಲ್ಲ ಹೋಟೆಲಿನ ಕಡೆಗೇ ದೋಷವಾಗಿ ಬೀಳುವುವು. ಮನೆಯಲ್ಲಿ ಸೊಸೆಯು ಸ್ನಾನಮಾಡಿ, ಈರುಳ್ಳಿಯನ್ನು ಬಿಟ್ಟು, ಅಡುಗೆಮಾಡಿದ್ದಳೆಂದು ಮಗನು ಆಮೇಲೆ ಹೇಳಿದನು. ಆಪದ್ಧರ್ಮವೆನ್ನೋಣವೆ? ಛಾಂದೋಗ್ಯೋಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣನ ಕಥೆಯುಂಟು. ಪಂಜಾಬಿಗೆ ನೆರೆಯಾದ ಕುರುದೇಶದಲ್ಲಿಯೇ ನಡೆದುದು. ಬೆಳೆಯೆಲ್ಲ ಹಾಳಾಗಿ ಕ್ಷಾಮ ಬಂದಾಗ ಆತನು ಆನೆಯವನೊಬ್ಬನು ತಿನ್ನುತ್ತಿದ್ದ ಕಾಳನ್ನು ಬೇಡಿ, ಎಂಜಲೆಂದು ತಿಳಿದೂ ತಿಂದನು. ಆದರೆ ಅವನ ಎಂಜಲು ನೀರನ್ನು ಬೇಡವೆಂದನು. ಕಾಳಿಲ್ಲದಿದ್ದರೆ ಜೀವ ಉಳಿಯುತ್ತಿರಲಿಲ್ಲ, ನೀರು ಬೇರೆಡೆಯಲ್ಲಿ ದೊರೆಯುವುದು, ಎಂಬುದು ಆತನ ಲೆಕ್ಕ. ಎಷ್ಟು ನಿಷ್ಠುರವಾದ ಪ್ರಾಮಾಣಿಕತೆ! ಉಳಿದುದನ್ನು ಹೆಂಡತಿಗೆ ತಂದುಕೊಟ್ಟನಂತೆ. ಆಕೆ ಆಗಲೇ ಭಿಕ್ಷೆಯಿಂದ ಉಂಡಿದ್ದುದರಿಂದ ಅದನ್ನು ಮರುದಿನಕ್ಕೆ ಎತ್ತಿಟ್ಟಳಂತೆ. ಆ ಎತ್ತಿಟ್ಟವಳನ್ನು ಕುರಿತು ನಮ್ಮ ಪಾಠಶಾಲೆಯಲ್ಲಿ ಯಾರೂ ಒಂದು ಮಾತನ್ನಾಡಲಿಲ್ಲ. ಅದು ಹಾಗಿರಲಿ, ಆ ಸಂಜೆ ನನ್ನ ಚೀಲದಲ್ಲಿ ನಾಲ್ಕು ಬಾಳೆಯಹಣ್ಣುಗಳಿದ್ದುವು. ನನಗೆ ಆಪತ್ತೂ ಇರಲಿಲ್ಲ.

ಪರದೇಶದ ಊಟವೆಂಬ ಜುಗುಪ್ಸೆಯೆನ್ನೋಣವೆ? ಅದಕ್ಕೂ ಹಳೆಯ ಕಥೆಯೊಂದಿದೆ. ಕರ್ಣಪರ್ವದಲ್ಲಿ ಕರ್ಣನಿಗೂ ಸಾರಥಿಯಾದ ಶಲ್ಯನಿಗೂ ಜಗಳವಾದಾಗ, ಕರ್ಣನು ಶಲ್ಯನ ಮದ್ರದೇಶವನ್ನೂ ಐದು ನದಿಗಳ ನಾಡನ್ನೂ ಹಿಡಿದು ಹೀನಾಯವಾಗಿ ಬೈಯುವನು. ಬೈಗಳಲ್ಲಿ ಬಹುಭಾಗ ಅವರ ಊಟದ ವಿಷಯವೇ. ಬೆಳ್ಳುಳ್ಳಿ ಈರುಳ್ಳಿಗಳೂ ಅದರಲ್ಲಿ ಬರುವುವು. ಶಲ್ಯನು ತಿರುಗಿ ಹೇಳುವುದಿಷ್ಟು: ನೀನು ಆಳುವ ಅಂಗದೇಶದಲ್ಲಿ ರೋಗಿಗಳನ್ನು ಬಿಟ್ಟುಹೋಗುವರು, ಹೆಂಡಿರು ಮಕ್ಕಳನ್ನು ಮಾರುವರು, ಒಳ್ಳೆಯವರೂ ಕೆಟ್ಟವರೂ ಎಲ್ಲ ದೇಶಗಳಲ್ಲಿಯೂ ಇರುವರು. ನಾನು ಈ ಭಾಗವನ್ನು ಎಷ್ಟೋ ಸಲ ಪಾಠಹೇಳಿದ್ದೇನೆ. ಹೇಳುವಾಗಲೆಲ್ಲ ಶಲ್ಯನ ಪಕ್ಷವನ್ನೇ ವಹಿಸಿದ್ದೇನೆ. ಹೀಗಿದ್ದವನಿಗೆ ಆ ನಾಡಿನ ಊಟದಲ್ಲಿ ಜುಗುಪ್ಸೆಯಿದ್ದಿತೆಂದು ಹೇಳಿಕೊಳ್ಳುವುದೂ ಸುಳ್ಳಾಗುವುದು. ಇದ್ದಿದ್ದರೆ ಹೆದ್ದಾರಿಯಲ್ಲಿ ಎರಡನೆಯ ಬಾರಿ ಬಡಿಸಿಕೊಳ್ಳುತ್ತಿರಲಿಲ್ಲ.

ಉಳಿದುದು ಆ ಹಗುರ. ಹಣವನ್ನು ಕೊಟ್ಟು ಎದ್ದಾಗ ನನಗೆ ಹಗುರವಾಯಿತೆಂದು ಹೇಳಿದೆನಲ್ಲವೆ? ನಮ್ಮ ಭಾಷೆಯಲ್ಲಿ 'ಹಂಗು' ಎಂಬುದೊಂದು ಮಾತಿದೆ. ಸಂಸ್ಕೃತದ ಋಣಶಬ್ದವು ಅದರ ಹತ್ತಿರಕ್ಕೆ ಬರುವುದು, ಅದನ್ನು ಮುಟ್ಟುವುದಿಲ್ಲ. ಋಣವನ್ನು ತೀರಿಸಬಹುದು, ಹಂಗನ್ನು ಹೊತ್ತಿರಬೇಕು. ಭೋಜನಶಾಲೆಯಲ್ಲಿ ನಾವು ಹಣ ಕೊಡುವುದು ಕಢಿಗೆಂದು ತಿಳಿಯುವೆವು. ಹಂಗಿಲ್ಲದೆ ಎದ್ದುಹೋಗುವುದಕ್ಕೂ ಅದರಲ್ಲಿ ಒಂದು ಪಾಲು ಸೇರಿರುವುದು. ಉಪ್ಪು ಹೆಚ್ಚಾದರೆ ಕೂಗಬಹುದು. ನಾಳೆ ಬರದೆ ಇರಬಹುದು. ಮಾಡಿದವಳ ಹೆಸರನ್ನು ಕೇಳಬೇಕಾಗಿಲ್ಲ. ಇದನ್ನು ನಾನು ದೋಷವೆಂದು ಹೇಳುತ್ತಿಲ್ಲ. ದಾರಿಯಲ್ಲಿರುವವನಿಗೆ ಇದು ದೊಡ್ಡ ಉಪಕಾರ. ಜಾತಿಯ ಹೆಸರಿನಿಂದ ಊರಿನ ಯಾವ ಮನೆಯ ಜಗುಲಿಯನ್ನೂ ಹತ್ತಲಾಗದಿದ್ದವನಿಗೆ, ಕಾಸನ್ನು ಮುಂದಿಟ್ಟು ಎಲ್ಲರ ಸಮಕ್ಕೆ ಕುಳಿತು ಉಣ್ಣುವ ಬಾಗಿಲು ತೆರೆದುದು ಇನ್ನೂ ದೊಡ್ಡ ಉಪಕಾರ. ಹಿಂದೆ ಮನೆಯ ಅನ್ನವನ್ನು ಹೊಗಳಿದವರು ಆ ಮನೆಯ ಹೊಸಿಲು ಯಾರಿಗೆ ತೆರೆದಿದ್ದಿತೆಂಬುದನ್ನು ಹೇಳಲಿಲ್ಲ.

ಹಣವೂ ಇಲ್ಲದೆ ಮನೆಯ ಹಂಗೂ ಇಲ್ಲದೆ ಉಣ್ಣುವ ಮೂರನೆಯ ದಾರಿಯೊಂದು ಪಂಜಾಬಿನವರಲ್ಲಿಯೇ ಇದೆ, ನಮ್ಮಲ್ಲಿಯೂ ದಾಸೋಹವೆಂಬ ಹೆಸರಿನಿಂದ ಇದೆ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಒಮ್ಮೆ ಲಂಗರಿನ ಸಾಲಿನಲ್ಲಿ ಕುಳಿತು ಉಂಡಿದ್ದೇನೆ. ಆ ಸಾಲಿಗೆ ಅವರು ಪಂಗತ್ ಎನ್ನುವರು; ನಮ್ಮ ಪಂಕ್ತಿಯೇ ಅದು, ಆದರೆ ನಮ್ಮ ಪಂಕ್ತಿಯಲ್ಲಿ ಭೇದವಿದ್ದಿತು, ಅವರದರಲ್ಲಿ ಇಲ್ಲ. ಲಂಗರನ್ನು ಬೆಳೆಸಿದವರಲ್ಲಿ ಎರಡನೆಯ ಗುರುಗಳಾದ ಅಂಗದರ ಪತ್ನಿ ಮಾತಾ ಖೀವಿಯವರು ಮುಖ್ಯರಾದವರು. ಅವರು ಬಡಿಸುತ್ತಿದ್ದ ತುಪ್ಪದ ಪಾಯಸದ ಸ್ಮರಣೆಯು ಸಿಖ್ಖರ ಪವಿತ್ರಗ್ರಂಥದಲ್ಲಿಯೇ ಇದೆ. ಸಾವಿರಾರು ಜನರು ಉಣ್ಣುವ ಸಾಲಿನಲ್ಲಿಯೂ ಒಬ್ಬ ಗೃಹಿಣಿಯ ಕೈಯನ್ನು ಅವರು ಮರೆಯಲಿಲ್ಲವೆಂಬುದು ನನಗೆ ಬಹಳ ಹಿಡಿಸಿತು.

ಹಂಗೆಂದರೆ ಏನೆಂಬುದನ್ನು ನನ್ನ ತಂದೆಯವರಿಂದ ಕಂಡಿದ್ದೆನು. ಅವರು ಮೈಸೂರಿನಲ್ಲಿ ಏಳು ಮನೆಗಳ ವಾರಾನ್ನವನ್ನುಂಡು ಓದಿದವರು. ಗುರುವಾರದ ಮನೆಯ ಯಜಮಾನಿತಿಯು ಮಹಾ ಕೋಪಿಷ್ಠೆಯಂತೆ. ಪಂಚೆ ಕೊಳೆಯಾಗಿದ್ದರೆ ಒಗೆದುಕೊಂಡು ಬಾ ಎಂದು ಎಲೆಯ ಮುಂದಿನಿಂದ ಎಬ್ಬಿಸುತ್ತಿದ್ದಳಂತೆ. ಅದನ್ನು ಹೇಳಿಕೊಂಡು ತಂದೆಯವರು ನಗುತ್ತಿದ್ದರು. ಮೂವತ್ತು ವರ್ಷಗಳ ಮೇಲೆ ಆಕೆ ತೀರಿಕೊಂಡ ಸುದ್ದಿಯು ಒಂದು ಕಾಗದದಲ್ಲಿ ಬಂದಾಗ, ಎದ್ದುಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು, ಅಂದು ಉಣ್ಣದೆ ಮಲಗಿದರು. ಬಂಧುವಲ್ಲ, ಬಳಗವಲ್ಲ. ವಾರಕ್ಕೆ ಒಂದು ಎಲೆ.

ನಾನು ಸೊಸೆಯ ಮುಂದಿನಿಂದ ಎದ್ದುದು ಈ ಹಂಗಿಗೆ ಹೆದರಿ. ಆ ಬಟ್ಟಲನ್ನು ಮುಟ್ಟಿದ್ದರೆ ಆಕೆ ಮನೆಯವಳಾಗುತ್ತಿದ್ದಳು. ಅದಕ್ಕಿಂತಲೂ ಒಳಗಿನ ಮಾತೊಂದಿದೆ. ಮೂವತ್ತೊಂದು ವರ್ಷ ಆ ಅಡುಗೆಮನೆಯಲ್ಲಿ ಒಂದೇ ಕೈಯಿಂದ ಉಂಡವನು ನಾನು. ಇನ್ನೊಂದು ಕೈಯಿಂದ ಮನೆಯ ಅನ್ನವೆಂದು ಉಂಡುಬಿಟ್ಟರೆ ಮೊದಲನೆಯ ಕೈ ಇನ್ನು ಬರುವುದಿಲ್ಲವೆಂದು ಒಪ್ಪಿಕೊಂಡಂತಾಗುತ್ತಿದ್ದಿತು. ಹೋಟೆಲಿನಲ್ಲಿ ಆ ಭಯವಿಲ್ಲ; ಅಲ್ಲಿ ಯಾರ ಸ್ಥಳದಲ್ಲಿಯೂ ಯಾರೂ ನಿಂತಿರುವುದಿಲ್ಲ. ನನ್ನ ಪಡಸಾಲೆಯ ಒಲೆಗೆ ಆಚಾರವೆಂಬ ಹೆಸರನ್ನಿಟ್ಟು ಐದಾರು ವರ್ಷ ಉರಿಸಿದುದು ಈ ದುಃಖವನ್ನು. ಹೊಗೆಯನ್ನು ಕುಡಿದವಳು ಮಾತ್ರ, ಅದರಲ್ಲಿ ಏನೂ ಅಪರಾಧವಿಲ್ಲದ ಹುಡುಗಿ.

ಅಂದಮೇಲೆ ಆ ಫಲಕವು ಸುಳ್ಳು ಹೇಳುತ್ತಿದೆಯೆ? ಹಂಗನ್ನು ಕಳೆದು ಉಳಿದುದಕ್ಕೆ ಮನೆಯ ಊಟವೆಂದು ಹೆಸರಿಡುವುದು ನ್ಯಾಯವಲ್ಲವೆಂದು ನನ್ನ ಮೊದಲಿನ ನಿರ್ಣಯ. ಶಿಷ್ಯನು ಒಪ್ಪಲಿಲ್ಲ. 'ಮೇಷ್ಟ್ರೆ, ಮನೆ ಬಿಟ್ಟು ಒಂದೂವರೆ ತಿಂಗಳಾದವನಿಗೆ ಅಷ್ಟಾದರೂ ಸಿಕ್ಕಲಿ ಬಿಡಿ' ಎಂದನು. ರಾಮಶಬ್ದ ಬಾರದಿದ್ದರೂ ಈ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಆ ಅಡುಗೆಯ ಹೆಂಗಸಿಗೆ ಚಾಲಕನ ಮೌನವು ಮುಖ್ಯವಾಗಿದ್ದಿತು. ಅವಳ ಸಂಬಳದಲ್ಲಿ ಅದು ಸೇರಿರಲಿಲ್ಲ. ಅಷ್ಟರ ಮಟ್ಟಿಗೆ ಫಲಕದ ಮಾತು ನಿಜವೆಂದು ಈಗ ಒಪ್ಪುತ್ತೇನೆ. ಕಾಗುಣಿತವನ್ನು ತಿದ್ದಿಸಿಕೊಡುವೆನೆಂದು ಯಜಮಾನನಿಗೆ ಹೇಳಿಬಂದಿದ್ದೇನೆ.

ಶ್ರಾವಣದ ಮೊದಲನೆಯ ಭಾನುವಾರ ಮಾಲೂರಿಗೆ ಹೋದೆನು. ಅವಲಕ್ಕಿಯ ಗಂಟನ್ನು ಒಯ್ಯಲಿಲ್ಲ. ಸೊಸೆಯು ಎಂದಿನಂತೆ, ಇಂದು ಉಪವಾಸವೆ ಮಾವ, ಎಂದು ಕೇಳಿದಳು. ಕನ್ನಡವನ್ನು ಈಗ ಚೆನ್ನಾಗಿ ಆಡುತ್ತಾಳೆ. ಮಹಾಪ್ರಾಣಗಳು ನಮ್ಮವರಿಗಿಂತ ಶುದ್ಧವಾಗಿವೆ. ಅಲ್ಲವೆಂದೆನು. ಆಕೆ ಗಾಬರಿಯಾಗಿ ಮಗನ ಮುಖವನ್ನು ನೋಡಿದಳು. ಅಂದು ಅವರ ಮನೆಯಲ್ಲಿ ಆಗಿದ್ದುದು ರಾಗಿಮುದ್ದೆ, ಸೊಪ್ಪಿನ ಹುಳಿ; ನೆರೆಮನೆಯವರಿಂದ ಕಲಿತಳಂತೆ. ಮುದ್ದೆಯಲ್ಲಿ ಹಿಟ್ಟಿನ ಗಂಟುಗಳಿದ್ದುವು. ಹೇಗಿದೆಯೆಂದು ಕೇಳಿದಳು; ಗಂಟಿದೆಯೆಂದು ನಿಜವನ್ನೇ ಹೇಳಿದೆನು. ಆಕೆ ನಕ್ಕು ಇನ್ನೊಂದು ಸೌಟು ಹುಳಿಯನ್ನು ಬಡಿಸಿದಳು. ಕೈತೊಳೆದ ಮೇಲೆ, ನಿಮ್ಮ ಕಡೆಯ ಕಢಿಯನ್ನು ಒಂದು ದಿನ ಮಾಡುವೆಯಾ ಎಂದು ಕೇಳಿದೆನು. ಬಹಳ ಹೊತ್ತು ಏನೂ ಹೇಳಲಿಲ್ಲ. ಬಳಿಕ, ಅದಕ್ಕೆ ಮೊಸರು ಎರಡು ದಿನ ಹುಳಿಯಬೇಕು, ಬರುವ ದಿನವನ್ನು ಮೊದಲೇ ಹೇಳಬೇಕು ಎಂದಳು. ಗುರುವಾರ ಬರುವೆನೆಂದು ಹೇಳಿದೆನು. ಹಾಗಾದರೆ ಮಂಗಳವಾರ ಹೆಪ್ಪು ಹಾಕುವೆನೆಂದಳು.